ಅಕ್ಕ ಬಂದದ್ದು ನಿಜ, ಆದರೂ ಸಬ್‌ಜಂಕ್ಟಿವ್ ಯಾಕೆ? ಸ್ಪ್ಯಾನಿಷ್ ಕಲಿಯುವವರು ಸ್ವಲ್ಪ ಬನ್ನಿ

ತುಂಗಾತೀರ
ಎರಡು ವರ್ಷದಿಂದ ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ಈಗ ಬಿ2, ಅಂದರೆ ಮಧ್ಯಮಕ್ಕಿಂತ ಸ್ವಲ್ಪ ಮೇಲಿನ ಹಂತದ ಪರೀಕ್ಷೆಗೆ ತಯಾರಿ. ಸಬ್‌ಜಂಕ್ಟಿವ್ ಅನ್ನೋ ಕ್ರಿಯಾಪದ ರೂಪ ಅಂದರೆ ಅನುಮಾನ, ಆಸೆ, ಇನ್ನೂ ಆಗದೇ ಇರುವ ಸಂಗತಿ ಅಂತ ಮೊದಲಿಂದ ತಲೆಗೆ ತುಂಬಿದ್ದಾರೆ. ಸರಿ, ನಾಳೆಯ ವಿಷಯಕ್ಕೆ ಅದು ನಡೆಯುತ್ತದೆ. ನಾಳೆ ಯಾರಿಗೆ ಗೊತ್ತು?

ಹೋದ ವಾರ ಒಂದು ಪ್ಯಾರಾ ಬರೆದುಕೊಂಡು ಬನ್ನಿ ಅಂದರು. ತೀರ್ಥಹಳ್ಳಿಯಿಂದ ಅಕ್ಕ ಬಂದಿದ್ದಳು, ಅದನ್ನೇ ಬರೆದೆ. "ಮೆ ಅಲೆಗ್ರೇ ದೆ ಕೆ ಮಿ ಎರ್ಮಾನ ಬೀನೊ." ಅಕ್ಕ ಬಂದದ್ದು ಖುಷಿಯಾಯಿತು ಅಂತ. ಬೀನೊ, ಅಂದರೆ ಬಂದಳು, ಅದರ ಕೆಳಗೆ ಕೆಂಪು ಗೆರೆ. ಪಕ್ಕದಲ್ಲಿ ಅದರ ಸಬ್‌ಜಂಕ್ಟಿವ್ ರೂಪ "ಬಿನಿಯೇರ" ಅಂತ ತಿದ್ದಿದ್ದಾರೆ.

ಅಲ್ಲ, ಅಕ್ಕ ಬಂದಿದ್ದಾಳೆ. ಮೂರು ದಿನ ಇದ್ದಳು. ಒಂದೇ ಹೊತ್ತಿಗೆ ಆರು ಅಕ್ಕಿ ರೊಟ್ಟಿ ತಿಂದಳು. ಇದರಲ್ಲಿ ಅನುಮಾನ ಎಲ್ಲಿಂದ ಬಂತು? ಕೇಳಿದ್ದಕ್ಕೆ "ಭಾವನೆಯ ಕ್ರಿಯಾಪದ ಇದ್ದರೆ ಸಬ್‌ಜಂಕ್ಟಿವ್, ಬಾಯಿಪಾಠ ಮಾಡಿ" ಅಂದರು. ಬಾಯಿಪಾಠ ಮಾಡುತ್ತೇನೆ, ಆದರೆ ಯಾಕೆ ಅಂತ ಗೊತ್ತಾಗದೆ ನಿದ್ದೆ ಬರುವುದಿಲ್ಲ.

ಕೊನೇಬೆಂಚು
ಬೀನೊ ಅಂದರೆ ವೈನ್ ಕೂಡ ಹೌದು. ಅಕ್ಕ ವೈನ್ ಅಂತ ಬರೆದಿದ್ದೀರಿ, ಅದಕ್ಕೇ ಕೆಂಪು ಶಾಯಿ.

ಸಂಜೆಮಳೆ
ನಿಮ್ಮ ಟೀಚರ್ ಹೇಳಿದ್ದು ಸರಿ ಇದೆ. ಖುಷಿ, ಬೇಜಾರು, ಆಶ್ಚರ್ಯ, ಅನುಮಾನ, ಅಪ್ಪಣೆ, ಕೋರಿಕೆ. ಇವುಗಳ ನಂತರ "ಕೆ" (ನಮ್ಮ "ಅಂತ" ಥರದ್ದು) ಬಂದು, ಕರ್ತೃ ಬದಲಾದರೆ ಸಬ್‌ಜಂಕ್ಟಿವ್. ಮುಖ್ಯ ಕ್ರಿಯಾಪದ ಭೂತಕಾಲದಲ್ಲಿದ್ದರೆ ಬಿನಿಯೇರ, ವರ್ತಮಾನದಲ್ಲಿದ್ದರೆ ಬೇಂಗ. ನಾನು ಪಟ್ಟಿಯನ್ನು ಅಡುಗೆಮನೆ ಬಾಗಿಲಿಗೆ ಅಂಟಿಸಿಕೊಂಡು ಪಾಸಾದೆ. ಯಾಕೆ ಅಂತ ಕೇಳುತ್ತಾ ಕೂತರೆ ಪರೀಕ್ಷೆ ಮುಗಿದಿರುತ್ತದೆ.

ತುಂಗಾತೀರ
ಪಟ್ಟಿ ನನ್ನ ಹತ್ತಿರವೂ ಇದೆ. ನಮ್ಮ ಫ್ರಿಜ್ ಬಾಗಿಲಿಗೆ ಅಂಟಿಸಿದ್ದೇನೆ. ಅದು ಯಾಕೆ ಅಂತ ಹೇಳುವುದಿಲ್ಲ.

ಚಾಕ್‌ಪೀಸ್
ಹನ್ನೊಂದು ವರ್ಷ ಸ್ಪ್ಯಾನಿಷ್ ಪಾಠ ಮಾಡಿದವಳು ನಾನು. ಮೊದಲ ಆರು ವರ್ಷ ನಾನೂ "ಅನುಮಾನ" ಅಂತಲೇ ಹೇಳಿಕೊಟ್ಟೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ನಿಜ ಸುಳ್ಳಿನ ಲೆಕ್ಕ ಬಿಟ್ಟುಬಿಡಿ. ಎರಡು ವಾಕ್ಯ ನೋಡಿ. "ಸೊಞೇ ಕೆ ಬೊಲಾಬ." ನಾನು ಹಾರುತ್ತಿದ್ದೇನೆ ಅಂತ ಕನಸು ಕಂಡೆ. ಯಾರೂ ಹಾರಲಿಲ್ಲ. ಆದರೂ ಇಲ್ಲಿ ಇಂಡಿಕೇಟಿವ್, ಅಂದರೆ ಮಾಮೂಲಿ ಕ್ರಿಯಾಪದ ರೂಪ. ಇನ್ನೊಂದು, "ಕ್ರೆಯೀಯ ಕೆ ಅಬೀಯ ಬೆನೀದೊ." ಅವಳು ಬಂದಿದ್ದಾಳೆ ಅಂತ ಅಂದುಕೊಂಡಿದ್ದೆ. ಬಂದೇ ಇರಲಿಲ್ಲ, ಇಂಡಿಕೇಟಿವ್! ಅತ್ತ ನಿಮ್ಮ ಅಕ್ಕ ನಿಜವಾಗಿ ಬಂದು ರೊಟ್ಟಿ ತಿಂದು ಹೋದರೂ ಸಬ್‌ಜಂಕ್ಟಿವ್. ಅಂದಮೇಲೆ ನಿಜ ಸುಳ್ಳಿಗೂ ಇದಕ್ಕೂ ಸಂಬಂಧ ಇಲ್ಲ ಅಲ್ವಾ?

ಕೇಳಬೇಕಾದ ಪ್ರಶ್ನೆ ಬೇರೆ. "ಕೆ" ಆದಮೇಲೆ ಬರುವ ಮಾತನ್ನು ಯಾರಾದರೂ ಹೀಗಿದೆ ಅಂತ ಸಾರುತ್ತಿದ್ದಾರಾ? ಅಂದುಕೊಂಡೆ, ಹೇಳಿದೆ, ಕನಸು ಕಂಡೆ, ನೋಡಿದೆ, ಗೊತ್ತಾಯಿತು. ಇವುಗಳ ನಂತರ ಬರುವುದು ಸುದ್ದಿ. ಸುದ್ದಿ ತಪ್ಪೇ ಇರಲಿ, ಸುದ್ದಿಯೇ. ನಿಮ್ಮ ವಾಕ್ಯದಲ್ಲಿ ಸುದ್ದಿ ಯಾವುದು? ಖುಷಿಯಾಯಿತು ಅನ್ನೋದು. ಅಕ್ಕ ಬಂದದ್ದು ಕೇಳುವವರಿಗೆ ಆಗಲೇ ಗೊತ್ತು, ಅಥವಾ ಗೊತ್ತು ಅಂತ ಇಟ್ಟುಕೊಂಡು ಅದರ ಮೇಲೆ ನಿಮ್ಮ ಅಭಿಪ್ರಾಯ ಹಾಕುತ್ತಿದ್ದೀರಿ. ಹಾಗೆ ಸಾರದ ಮಾತಿಗೆ ಸಬ್‌ಜಂಕ್ಟಿವ್.

ಇದು ನಮಗೆ ಹೊಸದಲ್ಲ. ಕನ್ನಡದಲ್ಲಿ "ಅಕ್ಕ ಬಂದಳು ಅಂತ ಹೇಳಿದೆ" ಅನ್ನುತ್ತೀರಿ. ಬಂದಳು ಪೂರ್ತಿ ಕ್ರಿಯಾಪದ, ಅದಕ್ಕೆ ಯಾರು ಅನ್ನೋದು ಅಂಟಿಕೊಂಡಿದೆ. ಆದರೆ "ಅಕ್ಕ ಬಂದದ್ದು ಖುಷಿಯಾಯಿತು" ಅನ್ನುವಾಗ ಬಂದದ್ದು ಅಂತ ಮಡಚಿ ಇಡುತ್ತೀರಿ. ನಾನು ಬಂದದ್ದು, ನೀನು ಬಂದದ್ದು, ಅವಳು ಬಂದದ್ದು, ಎಲ್ಲಾ ಒಂದೇ. ಬಂದಳು, ಬಂದೆ, ಬಂದರು ಅನ್ನುವ ಗತ್ತು ಅಲ್ಲಿ ಇಲ್ಲ. ಸ್ಪ್ಯಾನಿಷ್‌ನವರು ಮಡಚುವುದಿಲ್ಲ, ಬಣ್ಣ ಬದಲಿಸುತ್ತಾರೆ.

ವ್ಯಾಕರಣ ವಿರೋಧಿ
ಮೇಡಂ, ಇಲ್ಲಿ ತಕರಾರು ಇದೆ. "ಅಕ್ಕ ಬಂದಳು ಅಂತ ಖುಷಿಯಾಯಿತು" ಅಂತಲೂ ಹೇಳುತ್ತೇವಲ್ಲ? ಅಲ್ಲಿ ಪೂರ್ತಿ ಕ್ರಿಯಾಪದವೇ ಇದೆ. ನಿಮ್ಮ ಮಡಚುವ ಸಿದ್ಧಾಂತ ಅಲ್ಲಿಗೆ ಬಿತ್ತು.

ಚಾಕ್‌ಪೀಸ್
ಬೀಳಲಿಲ್ಲ, ಇನ್ನೂ ಗಟ್ಟಿಯಾಯಿತು. ಆ "ಅಂತ" ಕಾರಣ ಹೇಳುತ್ತದೆ. ಯಾಕೆ ಖುಷಿ? ಅಕ್ಕ ಬಂದಳು ಅಂತ. ಸ್ಪ್ಯಾನಿಷ್‌ನಲ್ಲಿ ಅದು "ಮೆ ಅಲೆಗ್ರೇ ಪೋರ್ಕೆ ಬೀನೊ ಮಿ ಎರ್ಮಾನ". ಅಲ್ಲಿ ಬೀನೊ ನೂರಕ್ಕೆ ನೂರು ಸರಿ, ಕೆಂಪು ಗೆರೆ ಬೀಳುವುದಿಲ್ಲ. ಕಾರಣ ಕೊಡುವಾಗ ಸಂಗತಿಯನ್ನು ಸಾರಲೇಬೇಕು.

ವ್ಯಾಕರಣ ವಿರೋಧಿ
ಹ್ಞೂಂ. ಇದು ಸ್ವಲ್ಪ ಚೆನ್ನಾಗಿದೆ. ಆದರೂ ಒಪ್ಪಿದೆ ಅಂತ ಬರೆದುಕೊಳ್ಳಬೇಡಿ.

ತುಂಗಾತೀರ
ಮೇಡಂ, ಕಾಲಿಗೆ ಬಿದ್ದೆ. ಎರಡು ವರ್ಷದಲ್ಲಿ ಯಾರೂ ಇದನ್ನು ಹೇಳಲಿಲ್ಲ.

ನೈಟ್‌ಶಿಫ್ಟ್
ಖುಷಿ ಬೇಜಾರಿನಲ್ಲಿ ತಪ್ಪಿದರೆ ಕೆಂಪು ಗೆರೆ ಅಷ್ಟೇ. ಅಪ್ಪಣೆಯಲ್ಲಿ ತಪ್ಪಿದರೆ ಕೆಲಸವೇ ಕೆಡುತ್ತದೆ. ನನ್ನ ಕಥೆ ಕೇಳಿ.

ಮೆಕ್ಸಿಕೋದ ಗ್ರಾಹಕರಿಗೆ ಬೆಂಗಳೂರಿನಿಂದ ಕೆಲಸ ಮಾಡುವ ತಂಡ ನಮ್ಮದು. ರಾತ್ರಿ ಎರಡು ಗಂಟೆಗೆ ಬಾಸ್ ಫೋನ್ ಮಾಡಿ, ಅಲ್ಲಿಯ ಹುಡುಗ ಇನ್‌ವಾಯ್ಸ್ ಕಳಿಸಲಿ ಅಂತ ಹೇಳು ಅಂದರು. ನಾನು ಚಾಟ್‌ನಲ್ಲಿ ಆ ಕಡೆಯ ಹುಡುಗಿಗೆ ಬರೆದೆ: "ಎಲ್ ಹೇಫೆ ದೀಹೊ ಕೆ ಮಂದೋ ಲಾ ಫಕ್ತೂರ." ಬರೆಯಬೇಕಾಗಿದ್ದು "ಮಂದಾರ ಲಾ ಫಕ್ತೂರ".

ಮಂದೋ ಅಂದರೆ ಕಳಿಸಿದ. ಮಂದಾರ ಅಂದರೆ ಕಳಿಸಬೇಕು ಅಂತ. ಅವಳು ಓದಿಕೊಂಡಿದ್ದು "ಅವನು ಇನ್‌ವಾಯ್ಸ್ ಕಳಿಸಿದ ಅಂತ ಬಾಸ್ ಹೇಳಿದರು". ಸರಿ, ಕಳಿಸಿಯಾಗಿದೆ ಅಂತ ಎಲ್ಲರೂ ಸುಮ್ಮನಾದರು. ಮೂರು ದಿನ ಯಾರೂ ಏನೂ ಕಳಿಸಲಿಲ್ಲ. ನಾಲ್ಕನೇ ದಿನ ನನಗೆ ಮಂಗಳಾರತಿ.

ದೀಹೊ ಕೆ ಆದಮೇಲೆ ಇಂಡಿಕೇಟಿವ್ ಬಂದರೆ ಸುದ್ದಿ, ಸಬ್‌ಜಂಕ್ಟಿವ್ ಬಂದರೆ ಅಪ್ಪಣೆ. ಆವತ್ತಿಂದ ಮಂದಾರ ಹೂವು ನೋಡಿದರೆ ಇನ್‌ವಾಯ್ಸ್ ನೆನಪಾಗುತ್ತದೆ.

ಕೊನೇಬೆಂಚು
ಮಂದಾರ ಪುಷ್ಪಂ ಸಮರ್ಪಯಾಮಿ.

ಕುಡ್ಲದ ಮೀನು
ನೈಟ್‌ಶಿಫ್ಟ್ ಮಾರಾಯ್ರೆ, ನಿಮ್ಮ ಕಥೆಯಲ್ಲಿ ಇನ್ನೊಂದು ಉಂಟು. ಕನ್ನಡದಲ್ಲಿ "ಕಳಿಸಲಿ ಅಂತ ಹೇಳ್ತಾರೆ", "ಕಳಿಸಲಿ ಅಂತ ಹೇಳಿದರು". ಕಳಿಸಲಿ ಅಲುಗಾಡುವುದೇ ಇಲ್ಲ. ಹೇಳಿದ್ದು ಇವತ್ತಾದರೂ ಹತ್ತು ವರ್ಷದ ಹಿಂದಾದರೂ ಕಳಿಸಲಿ ಕಳಿಸಲಿಯೇ. ಸ್ಪ್ಯಾನಿಷ್‌ನಲ್ಲಿ ಮುಖ್ಯ ಕ್ರಿಯಾಪದ ಹಿಂದಕ್ಕೆ ಹೋದರೆ ಇದೂ ಹಿಂದೆ ಹೋಗಬೇಕು. ದೀಸೆ ಕೆ ಮಂದೆ, ದೀಹೊ ಕೆ ಮಂದಾರ. ಅದಕ್ಕೇ ನಾವೆಲ್ಲ "ಕೆರೀಯ ಕೆ ಬೇಂಗಸ್" ಅಂತ ಹೇಳಿ ಬೈಸಿಕೊಳ್ಳುವುದು. "ನೀನು ಬರಲಿ ಅಂತ ಆಸೆ ಇತ್ತು" ಅನ್ನೋದನ್ನು ಹಾಗೇ ಇಳಿಸಿದ್ದು ಅದು. ಬೇಕಾಗಿದ್ದು "ಕೆರೀಯ ಕೆ ಬಿನಿಯೇರಸ್".

ಗಾಂಧಿಬಜಾರ್ ಬೈಟೂ
ಪೆರು, ಬೊಲಿವಿಯಾ ಕಡೆ ಹೋದರೆ ಬೈಸಿಕೊಳ್ಳುವುದಿಲ್ಲ. ಅಲ್ಲಿ ಜನ ಸಲೀಸಾಗಿ "ಮೆ ಪಿದಿಯೋ ಕೆ ಬಾಯ" ಅನ್ನುತ್ತಾರೆ, ಹೋಗು ಅಂತ ನನ್ನನ್ನು ಕೇಳಿಕೊಂಡ ಅಂತ. ಭೂತಕಾಲದ ಫ್ವೇರ ಅನ್ನುವುದಿಲ್ಲ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಲೀಮಾದವರೊಬ್ಬರು ದಿನಾ ಹೀಗೇ ಮಾತಾಡುತ್ತಿದ್ದರು. ಅರ್ಜೆಂಟೀನಾದವರ ಬಾಯಲ್ಲೂ ಕೇಳಿದ್ದೇನೆ. ಹಾಗಾಗಿ ಇದು ಕನ್ನಡದವರ ತಪ್ಪು ಅಂತ ತಲೆ ತಗ್ಗಿಸಬೇಕಿಲ್ಲ. ಪರೀಕ್ಷೆಯಲ್ಲಿ ಮಾತ್ರ ಮಾಡಬೇಡಿ.

ಧಾರವಾಡದಾಂವ
ಅಲ್ರೀ, ಒಂದು ಮಾತು. ಬಿನಿಯೇರ ಅಂತ ಬ ಹಾಕಿ ಬರೆಯುತ್ತೀರಲ್ಲ, ಪುಸ್ತಕದಲ್ಲಿ ವ ಇದೆ. ವಿನಿಯೇರ ಅಲ್ಲೇನು?

ಚಾಕ್‌ಪೀಸ್
ಸ್ಪ್ಯಾನಿಷ್‌ನಲ್ಲಿ ಆ ಎರಡು ಅಕ್ಷರಕ್ಕೂ ಒಂದೇ ಉಚ್ಚಾರ. ಮಾತಿನ ಶುರುವಿನಲ್ಲಿ ನಮ್ಮ ಬ ಥರ, ನಡುವೆ ಬಂದರೆ ಮೆತ್ತಗೆ. ಬ ಅಂತ ಬರೆಯೋದೇ ವಾಸಿ.

ಧಾರವಾಡದಾಂವ
ಮೆತ್ತಗಿದ್ದರೆ ವ ಅಂತ ಬರೆದರೆ ಏನು ನಷ್ಟ?

ಗಾಂಧಿಬಜಾರ್ ಬೈಟೂ
ಸಾರ್, ದಯವಿಟ್ಟು ಬ ವ ಜಗಳ ಬೇಡ. ಹೋದ ಸಲ ಹ ಮತ್ತು ಖ ವಿಷಯಕ್ಕೆ ಎರಡು ದಿನ ಹೊಡೆದಾಡಿದೆವು. ಆದರೆ ಕನ್ನಡ ಲಿಪಿಯಿಂದ ಒಂದು ಭಾರಿ ಲಾಭ ಇದೆ, ಯಾರೂ ಹೇಳಲಿಲ್ಲ. ಒತ್ತು ಎಲ್ಲಿ ಬೀಳುತ್ತದೋ ಅಲ್ಲಿ ದೀರ್ಘ ಹಾಕಿಬಿಡಿ. ಅಬ್ಲಾರ ಅಂದರೆ ಸಬ್‌ಜಂಕ್ಟಿವ್, ಮಾತಾಡಲಿ ಅಂತ ಇತ್ತು ಅನ್ನೋ ಅರ್ಥ. ಅಬ್ಲರಾ ಅಂದರೆ ಭವಿಷ್ಯತ್, ಮಾತಾಡುತ್ತಾನೆ. ಅಕ್ಷರ ಎಲ್ಲಾ ಅವೇ, ಒತ್ತು ಮಾತ್ರ ಬೇರೆ. ಅವರು ಒಂದು ಸಣ್ಣ ಗೀಟು ಹಾಕಿ ತೋರಿಸುತ್ತಾರೆ, ನಮಗೆ ದೀರ್ಘ ಸಾಕು. ಯೆಗಾರ, ಯೆಗರಾ. ಮಂದಾರ, ಮಂದರಾ. ಹೀಗೆ ಬರೆದುಕೊಂಡ ಮೇಲೆ ನನ್ನ ಕೇಳುವ ಪರೀಕ್ಷೆಯ ಅಂಕ ಏರಿತು.

ಸಂಜೆಮಳೆ
ಇದು ಒಳ್ಳೇ ಉಪಾಯ. ನಾನೂ ಒಂದು ಕೊಡುತ್ತೇನೆ. ಈ ಭೂತಕಾಲದ ಸಬ್‌ಜಂಕ್ಟಿವ್ ರೂಪವನ್ನು ಬೇರೆಯಾಗಿ ಕಲಿಯಲೇಬೇಡಿ. "ಅವರು ಮಾಡಿದರು" ಅನ್ನೋ ಭೂತಕಾಲದ ರೂಪ ತೆಗೆದುಕೊಳ್ಳಿ, ಕೊನೆಯ ರೊನ್ ಕಿತ್ತು ರ ಹಾಕಿ. ಅಬ್ಲಾರೊನ್, ಅಬ್ಲಾರ. ತುಬಿಯೇರೊನ್, ತುಬಿಯೇರ. ದುರ್ಮಿಯೇರೊನ್, ದುರ್ಮಿಯೇರ. ಒಂದೇ ಒಂದು ಅಪವಾದವೂ ಇಲ್ಲ. ಸ್ಪ್ಯಾನಿಷ್‌ನಲ್ಲಿ ಅಪವಾದ ಇಲ್ಲದ ನಿಯಮ ಸಿಗುವುದು ಲಾಟರಿ ಹೊಡೆದ ಹಾಗೆ.

ಎಡವುವುದು ಎಲ್ಲಿ ಅಂದರೆ ಮೂಲ ರೂಪವೇ ತಪ್ಪು ಕಲಿತಿದ್ದರೆ. ದಿಹೇರೊನ್, ಹಾಗಾಗಿ ದಿಹೇರ. ದಿಹಿಯೇರ ಅಲ್ಲ.

ಕುಡ್ಲದ ಮೀನು
ಫ್ವೇರೊನ್ ಅಂದರೆ ಹೋದರು, ಫ್ವೇರೊನ್ ಅಂದರೆ ಇದ್ದರು ಕೂಡ. ಹಾಗಾದರೆ ಫ್ವೇರ ಅಂದರೂ ಎರಡೂ. ಮೇಲೆ ಫ್ವೇರ ಅಂದರೆ "ಹೊರಗೆ" ಅಂತ ಬೇರೆ. ನಮ್ಮ ಮೇಷ್ಟ್ರು ಒಮ್ಮೆ ಸಿಟ್ಟಲ್ಲಿ "ಫ್ವೇರ!" ಅಂದರು. ನಾನು ಯಾವ ಕ್ರಿಯಾಪದ ಅಂತ ಯೋಚಿಸುತ್ತಾ ಕೂತೆ. ಎದ್ದು ಹೋಗು ಅಂದಿದ್ದಂತೆ.

ಕೊನೇಬೆಂಚು
ಇಂಥವರಿಗೇ ಕೊನೇ ಬೆಂಚು ಇರೋದು. ಬನ್ನಿ, ಜಾಗ ಇದೆ.

ತುಂಗಾತೀರ
ಈಗ ಎರಡನೇ ಗೋಳು. ಭೂತಕಾಲಕ್ಕೆ ಒಂದಲ್ಲ ಮೂರು ಇವೆ. ಆಯ ಬೆನೀದೊ, ಬಿನಿಯೇರ, ಉಬಿಯೇರ ಬೆನೀದೊ. ಯಾವುದು ಯಾವಾಗ? ಆಯ, ಆಯಸ್, ಆಯಮೊಸ್ ಅಂತ ಬಾಯಿಪಾಠ ಮಾಡುತ್ತಾ ಆಯಸ್ಸೇ ಮುಗಿಯುತ್ತಿದೆ.

ಸಂಜೆಮಳೆ
ಆಯಸ್ಸು! ಇದನ್ನು ಕದಿಯುತ್ತೇನೆ.

ಚಾಕ್‌ಪೀಸ್
ಇಂಡಿಕೇಟಿವ್‌ನಲ್ಲಿ ಏನು ಹೇಳುತ್ತಿದ್ದಿರಿ ಅಂತ ಮೊದಲು ಯೋಚಿಸಿ, ಆಮೇಲೆ ಪಕ್ಕದ ಮನೆಗೆ ದಾಟಿ. ಇಂಡಿಕೇಟಿವ್‌ನ "ಆ ಬೆನೀದೊ" (ಬಂದಿದ್ದಾಳೆ) ಇದ್ದದ್ದು ಆಯ ಬೆನೀದೊ ಆಗುತ್ತದೆ. ಬೀನೊ, ಬೆನೀಯ, ಬೆಂದ್ರೀಯ ಈ ಮೂರೂ ಬಂದು ಸೇರುವುದು ಬಿನಿಯೇರದಲ್ಲಿ. ಅಬೀಯ ಬೆನೀದೊ ಇದ್ದದ್ದು ಉಬಿಯೇರ ಬೆನೀದೊ. ಆ ಕಡೆ ಮನೆ ದೊಡ್ಡದು, ಈ ಕಡೆ ಮನೆಯಲ್ಲಿ ಕೋಣೆ ಕಡಿಮೆ. ಅದಕ್ಕೇ ಒಂದೇ ಕೋಣೆಯಲ್ಲಿ ಮೂರು ಜನ.

ಜನ ಜಾಸ್ತಿ ಇದ್ದ ಕಡೆ ಗೊಂದಲವೂ ಜಾಸ್ತಿ. "ನೊ ಕ್ರೇಯೊ ಕೆ ಬಿನಿಯೇರ" ಅಂದರೆ "ಬಂದಿರಲಿಕ್ಕಿಲ್ಲ" ಅಂತಲೂ ಆಗುತ್ತದೆ, "ಕರೆದಿದ್ದರೂ ಬರುತ್ತಿರಲಿಲ್ಲ ಬಿಡಿ" ಅಂತಲೂ ಆಗುತ್ತದೆ. ಸಂದರ್ಭ ನೋಡಿ ತಿಳಿದುಕೊಳ್ಳಬೇಕು. ಬಂದಿರಲಿಕ್ಕಿಲ್ಲ ಅಂತ ಒಂದೇ ಪದದಲ್ಲಿ ಹೇಳುವ ನಮಗೆ ಇದು ಬಡತನ ಅನಿಸುತ್ತದೆ.

ಮ್ಯಾಡ್ರಿಡ್‌ನ ಮಂಡ್ಯ
ಇಲ್ಲಿ ಸ್ಪೇನ್‌ನಲ್ಲಿ ಬೆಳಿಗ್ಗೆ ಎದ್ದ ತಕ್ಷಣ "ಎಸ್ಪೇರೊ ಕೆ ಆಯಸ್ ದೊರ್ಮೀದೊ ಬ್ಯೆನ್" ಅನ್ನುತ್ತಾರೆ, ಚೆನ್ನಾಗಿ ನಿದ್ದೆ ಬಂತು ಅಂದುಕೊಳ್ಳುತ್ತೇನೆ ಅಂತ. ಆಗಷ್ಟೇ ಮುಗಿದ ರಾತ್ರಿಯ ನಿದ್ದೆ ಇವತ್ತಿನ ಖಾತೆಗೆ ಸೇರುತ್ತದೆ, ಅದಕ್ಕೆ ಆಯಸ್. ನಿನ್ನೆ ಮೊನ್ನೆಯ ಮಾತಾದರೆ ಬಿನಿಯೇರ ಕಡೆ ವಾಲುತ್ತಾರೆ. ಆದರೆ "ನೊ ಕ್ರೇಯೊ ಕೆ ಆಯ ಬೆನೀದೊ ಆಯೇರ್" ಅಂತ ನಿನ್ನೆ ಜೊತೆಗೂ ಆಯ ಹಾಕುವವರು ಬೇಕಾದಷ್ಟು ಜನ. ಲ್ಯಾಟಿನ್ ಅಮೆರಿಕದ ಕಡೆ ಇನ್ನೂ ಜಾಸ್ತಿ.

ನನಗೆ ಸಬ್‌ಜಂಕ್ಟಿವ್ ತಲೆಗೆ ಹೋದದ್ದು ಕ್ಲಾಸ್‌ನಲ್ಲಿ ಅಲ್ಲ. ಹೊಸದಾಗಿ ಬಂದಾಗ ಅಮ್ಮನ ಕಾಯಿಲೆ ಕಾಗದಗಳು ಕನ್ನಡದಲ್ಲಿದ್ದವು. ಇಲ್ಲಿ ಡಾಕ್ಟರಿಗೆ ವಿವರಿಸಲು ಒಬ್ಬರು ಬೇಕಾಗಿತ್ತು. ಕಂಡಕಂಡವರನ್ನು ಕೇಳಿದೆ. ಆಮೇಲೆ ಆ ಕಥೆಯನ್ನು ಪಕ್ಕದ ಮನೆ ಅಜ್ಜಿಗೆ ಹೇಳುವಾಗ "ಬುಸ್ಕಾಬ ಆ ಆಲ್ಗ್ಯೆನ್ ಕೆ ಸಬೀಯ ಕನ್ನಡ" ಅಂದೆ. ಅಜ್ಜಿ ತಡೆದರು. "ಸುಪಿಯೇರ" ಅಂದರು. ಹುಡುಕುವಾಗ ಆ ಮನುಷ್ಯ ಇದ್ದಾನೋ ಇಲ್ಲವೋ ನಿನಗೆ ಗೊತ್ತಿರಲಿಲ್ಲವಲ್ಲ ಅಂತ. ಮುಂದೆ ನಾನು "ಎನ್ಕೊಂತ್ರೇ ಆ ಉನ ಸೆಞೋರ ಕೆ ಸುಪಿಯೇರ ಕನ್ನಡ" ಅಂದೆ, ಜಾಣ ಅಂತ ತೋರಿಸಿಕೊಳ್ಳಲು. ಅಜ್ಜಿ ಮತ್ತೆ ತಡೆದರು. "ಸಬೀಯ! ಸಿಕ್ಕಿದರಲ್ಲ!"

ಕನ್ನಡದಲ್ಲಿ ನೋಡಿ. ಹುಡುಕುತ್ತಿದ್ದದ್ದು "ಕನ್ನಡ ಗೊತ್ತಿರುವವರು ಯಾರಾದರೂ". ಸಿಕ್ಕಿದ್ದು "ಕನ್ನಡ ಗೊತ್ತಿದ್ದ ಒಬ್ಬರು". ಆ "ಯಾರಾದರೂ" ಒಳಗೆ ಸುಪಿಯೇರ ಅಡಗಿ ಕೂತಿದೆ. ಸಿಕ್ಕಿದ ಹೆಂಗಸು ಹಾಸನದವರು, ಇಪ್ಪತ್ತು ವರ್ಷದಿಂದ ಇಲ್ಲೇ ಇದ್ದಾರೆ. ಈಗಲೂ ಹಬ್ಬಕ್ಕೆ ಒಬ್ಬಟ್ಟು ಕೊಡುತ್ತಾರೆ.

ವ್ಯಾಕರಣ ವಿರೋಧಿ
ಅಜ್ಜಿಗೆ ನಮಸ್ಕಾರ. ಆದರೆ ಎಲ್ಲದಕ್ಕೂ ಕನ್ನಡದ ಜೋಡಿ ಹುಡುಕುವ ಈ ಚಟ ಬೇಡ. ಕನ್ನಡಕ್ಕೆ ಸಬ್‌ಜಂಕ್ಟಿವ್ ಇಲ್ಲ. ಶಾಲೆಯಲ್ಲಿ ಓದಿದ್ದು ವಿಧ್ಯರ್ಥ, ನಿಷೇಧಾರ್ಥ, ಸಂಭಾವನಾರ್ಥ. ಬರಲಿ, ಬಾರನು, ಬಂದಾನು. ಅಷ್ಟೇ. ಬಂದದ್ದು, ಯಾರಾದರೂ, ಬಂದಿದ್ದರೆ ಇವೆಲ್ಲ ಬೇರೆ ಬೇರೆ ಗಿಡ, ಅವನ್ನೆಲ್ಲ ಒಂದೇ ಕುಂಡಕ್ಕೆ ಹಾಕಿದರೆ ಕಲಿಯುವವರಿಗೆ ತಪ್ಪು ಭರವಸೆ.

ಚಾಕ್‌ಪೀಸ್
ಕನ್ನಡಕ್ಕೆ ಸಬ್‌ಜಂಕ್ಟಿವ್ ಇದೆ ಅಂತ ನಾನೆಲ್ಲಿ ಹೇಳಿದೆ? ಅವರು ಒಂದೇ ಸೌಟಿನಲ್ಲಿ ಬಡಿಸುವುದನ್ನು ನಾವು ನಾಲ್ಕು ಸೌಟಿನಲ್ಲಿ ಬಡಿಸುತ್ತೇವೆ. ಊಟದ ರುಚಿ ನಮಗೆ ಗೊತ್ತು, ಸೌಟು ಮಾತ್ರ ಹೊಸದು.

ಗಾಂಧಿಬಜಾರ್ ಬೈಟೂ
ಸೌಟಿನ ಮಾತಿಗೆ ಒಂದು ಸೇರಿಸುತ್ತೇನೆ. "ಆಂತೆಸ್ ದೆ ಕೆ" ಆದಮೇಲೆ ಯಾವಾಗಲೂ ಸಬ್‌ಜಂಕ್ಟಿವ್. "ಆಂತೆಸ್ ದೆ ಕೆ ಯೆಗಾರ", ಅವನು ಬರುವ ಮೊದಲೇ. ಅವನು ಆಮೇಲೆ ಬಂದೇ ಬಂದ, ಹಾಗಿದ್ದೂ ಇಂಡಿಕೇಟಿವ್‌ನ ಯೆಗೋ (ಬಂದ) ಅನ್ನುವಂತಿಲ್ಲ. ಯಾಕೆ ಅಂತ ತಲೆ ಕೆರೆದುಕೊಂಡಿದ್ದೆ. ಒಂದು ದಿನ ಹೊಳೆಯಿತು. ಕನ್ನಡದಲ್ಲಿ "ಅವನು ಬರುವ ಮೊದಲೇ ನಾನು ಹೊರಟೆ" ಅನ್ನುತ್ತೇವೆ. "ಬಂದ ಮೊದಲೇ" ಅಂತ ಯಾರಾದರೂ ಅನ್ನುತ್ತಾರಾ? ಕಥೆ ಪೂರ್ತಿ ಹಿಂದಿನದು, ಆದರೂ "ಬರುವ". ಯಾಕಂದರೆ ನಾನು ಹೊರಟ ಆ ಗಳಿಗೆಯಲ್ಲಿ ಅವನಿನ್ನೂ ಬಂದಿರಲಿಲ್ಲ. ಅದೇ "ನಾಳೆ ಅವನು ಬಂದ ಮೇಲೆ" ಅನ್ನುವಾಗ ನಾಳೆಯ ಮಾತಿಗೆ "ಬಂದ". ಮೊದಲು ಅಂದರೆ ಆಗಿಲ್ಲ, ಮೇಲೆ ಅಂದರೆ ಆಗಿದೆ. ಕ್ಯಾಲೆಂಡರ್ ನೋಡಬೇಡಿ, ಆ ಗಳಿಗೆಯಲ್ಲಿ ನಿಂತು ನೋಡಿ.

ವ್ಯಾಕರಣ ವಿರೋಧಿ
ಹಾಗಾದರೆ "ದೆಸ್ಪ್ವೇಸ್ ದೆ ಕೆ", ಅಂದರೆ "ಆದ ಮೇಲೆ", ಅದಕ್ಕೆ ಭೂತಕಾಲದಲ್ಲಿ ಇಂಡಿಕೇಟಿವ್ ಬರಬೇಕು. ಸ್ಪೇನ್‌ನ ಪತ್ರಿಕೆ ತೆರೆಯಿರಿ, "ದೆಸ್ಪ್ವೇಸ್ ದೆ ಕೆ ಯೆಗಾರ" ಅಂತ ರಾಶಿ ರಾಶಿ ಇದೆ. ಆಗಿ ಹೋದದ್ದಕ್ಕೇ! ಇದಕ್ಕೆ ಏನು ಹೇಳುತ್ತೀರಿ?

ಮ್ಯಾಡ್ರಿಡ್‌ನ ಮಂಡ್ಯ
ಹೌದು, ಇಲ್ಲಿ ಹಾಗೆ ಬರೆಯುತ್ತಾರೆ. ಮಾತಲ್ಲೂ ಕೇಳಿದ್ದೇನೆ. ಯೆಗೋ ಅಂದರೂ ಸರಿ.

ಚಾಕ್‌ಪೀಸ್
ವಿರೋಧಿಯವರು ಈ ಸಲ ಗೆದ್ದರು. ರಾಯಲ್ ಸ್ಪ್ಯಾನಿಷ್ ಅಕಾಡೆಮಿ ಎರಡನ್ನೂ ಒಪ್ಪುತ್ತದೆ. ಲ್ಯಾಟಿನ್ ಅಮೆರಿಕದ ದೇಶಗಳಲ್ಲಿ ಇಂಡಿಕೇಟಿವ್ ಹೆಚ್ಚು. "ಆಂತೆಸ್ ದೆ ಕೆ" ಜೊತೆ ಇದ್ದು ಇದ್ದು ಅದರ ಗಾಳಿ ತಗುಲಿತೋ ಏನೋ. ನಾನು ಮಕ್ಕಳಿಗೆ ಯೆಗೋ ಅಂತಲೇ ಕಲಿಸುತ್ತಿದ್ದೆ, ಪತ್ರಿಕೆ ಓದುವಾಗ ಹೆದರಬೇಡಿ ಅಂತ ಹೇಳುತ್ತಿದ್ದೆ.

ವ್ಯಾಕರಣ ವಿರೋಧಿ
ಸ್ಕ್ರೀನ್‌ಶಾಟ್ ತೆಗೆದುಕೊಂಡೆ.

ಕಾರವಾರ ಕಡಲು
ಪತ್ರಿಕೆ ಅಂದಾಗ ನೆನಪಾಯಿತು. "ಎಲ್ ಕೆ ಫ್ವೇರ ಪ್ರೆಸಿದೇಂತೆ" ಅಂತ ಬರೆಯುತ್ತಾರಲ್ಲ, ಒಂದು ಕಾಲದಲ್ಲಿ ಅಧ್ಯಕ್ಷರಾಗಿದ್ದವರು ಅನ್ನೋ ಅರ್ಥದಲ್ಲಿ. ಅಲ್ಲಿ ಅನುಮಾನವೂ ಇಲ್ಲ, ಆಸೆಯೂ ಇಲ್ಲ, ಸುಮ್ನೆ ಭೂತಕಾಲ. ನನಗೆ ಇದು ಅರ್ಥವಾದದ್ದು ಪೋರ್ಚುಗೀಸ್‌ನಿಂದ. ಕೆಲಸಕ್ಕಾಗಿ ಅದನ್ನೇ ಮೊದಲು ಕಲಿತಿದ್ದೆ. ಪೋರ್ಚುಗೀಸ್‌ನಲ್ಲಿ ಈ ರ ರೂಪ ಈಗಲೂ "ಮಾಡಿದ್ದ" ಅನ್ನೋ ಅರ್ಥದ್ದು, ಸಬ್‌ಜಂಕ್ಟಿವ್ ಅಲ್ಲವೇ ಅಲ್ಲ. ಅವರ ಸಬ್‌ಜಂಕ್ಟಿವ್ ಸ್ಸೆ ರೂಪ.

ಸ್ಪ್ಯಾನಿಷ್‌ನಲ್ಲೂ ಹಿಂದೆ ಹಾಗೇ ಇತ್ತು. ಲ್ಯಾಟಿನ್‌ನ "ಮಾಡಿದ್ದ" ಅನ್ನೋ ರೂಪದಿಂದ ಅಬ್ಲಾರ ಬಂತು, ಲ್ಯಾಟಿನ್‌ನ ನಿಜವಾದ ಸಬ್‌ಜಂಕ್ಟಿವ್‌ನಿಂದ ಅಬ್ಲಾಸೆ ಬಂತು. ಹೊರಗಿನಿಂದ ಬಂದ ರ, ಮನೆ ಯಜಮಾನ ಸೆಯನ್ನು ಜಗಲಿಗೆ ಕಳಿಸಿತು.

ಧಾರವಾಡದಾಂವ
ಹಾಗಾದರೆ ಸೆ ರೂಪ ಕಲಿಯಬೇಕೋ ಬೇಡವೋ? ನೇರವಾಗಿ ಹೇಳ್ರಿ.

ಮ್ಯಾಡ್ರಿಡ್‌ನ ಮಂಡ್ಯ
ಓದಿದರೆ ಗುರುತು ಸಿಗಬೇಕು, ಅಷ್ಟು ಸಾಕು. ಇಲ್ಲಿ ಮಾತಲ್ಲೂ ಅಲ್ಲಲ್ಲಿ ಬರುತ್ತದೆ. ಲ್ಯಾಟಿನ್ ಅಮೆರಿಕದಲ್ಲಿ ಮಾತಲ್ಲಿ ಬಹಳ ಅಪರೂಪ. ಆದರೆ ಕೆಫೆಗೆ ಹೋಗಿ "ಕಿಸಿಯೇರ ಉನ್ ಕಫೇ" ಅನ್ನುವ ಬದಲು "ಕಿಸಿಯೇಸೆ" ಅನ್ನಬೇಡಿ. ವಿನಯದ ಆ ಜಾಗದಲ್ಲಿ ರ ಮಾತ್ರ.

ನೈಟ್‌ಶಿಫ್ಟ್
ಅಂದರೆ ಕಾಫಿ ಕೇಳುವುದಕ್ಕೂ ಭೂತಕಾಲದ ಸಬ್‌ಜಂಕ್ಟಿವ್. ಕಾಫಿ ಮಾತ್ರ ಈಗ ಬೇಕು.

ಚಾಕ್‌ಪೀಸ್
ಅದೇ ವಿಷಯ. ಹೆಸರು ಭೂತಕಾಲ, ಕೆಲಸ ಯಾವಾಗಲೂ ಭೂತಕಾಲದ್ದಲ್ಲ. "ಓಹಲಾ ಯ್ವೇಬ" ಅಂದರೆ ಮಳೆ ಬರಲಿ, ಬರಬಹುದು. "ಓಹಲಾ ಯೊಬಿಯೇರ" ಅಂದರೆ ಮಳೆ ಬಂದರೆ ಎಷ್ಟು ಚೆನ್ನಾಗಿತ್ತು, ಆದರೆ ಮೋಡವೇ ಇಲ್ಲ. ಇದು ಇವತ್ತಿನ ಮಾತೇ. "ಓಹಲಾ ಉಬಿಯೇರ ಯೊಬೀದೊ" ಅಂದರೆ ಬಂದಿದ್ದರೆ ಎಷ್ಟು ಚೆನ್ನಾಗಿತ್ತು, ಬರಲಿಲ್ಲ, ಬೆಳೆ ಹೋಯಿತು. ಒಂದೊಂದು ಹೆಜ್ಜೆ ಹಿಂದೆ ಇಟ್ಟಷ್ಟೂ ಕೈಗೆ ಎಟುಕದ ಹಾಗೆ ಆಗುತ್ತದೆ. ಓಹಲಾ ಅನ್ನೋದು ಅರಬ್ಬಿಯಿಂದ ಬಂದದ್ದು, ಒಳಗೆ ಅಲ್ಲಾಹ್ ಇದ್ದಾನೆ. ದೇವರು ಮನಸ್ಸು ಮಾಡಿದರೆ ಅಂತ.

ಕೊನೇಬೆಂಚು
ಅತ್ತೆಗೆ ಮೀಸೆ ಬಂದಿದ್ದರೆ ಮಾವ ಅನ್ನುತ್ತಿದ್ದೆವು. ಇದನ್ನು ಸ್ಪ್ಯಾನಿಷ್‌ಗೆ ಮಾಡಿ ಕೊಡಿ, ನನಗೆ ಅಷ್ಟೇ ಬೇಕಾಗಿರೋದು.

ಗಾಂಧಿಬಜಾರ್ ಬೈಟೂ
"ಸಿ ಮಿ ತೀಯ ತುಬಿಯೇರ ಬಿಗೋತೆ, ಸೆರೀಯ ಮಿ ತೀಯೊ." ಇದನ್ನು ಕ್ಲಾಸ್‌ನಲ್ಲಿ ಹೇಳಿದ್ದೆ. ಟೀಚರ್ ನಕ್ಕು ಅವರದ್ದು ಹೇಳಿದರು: "ಸಿ ಮಿ ಅಬ್ವೇಲ ತುಬಿಯೇರ ರ್ವೇದಸ್, ಸೆರೀಯ ಉನ ಬಿಸಿಕ್ಲೇತ." ಅಜ್ಜಿಗೆ ಚಕ್ರ ಇದ್ದಿದ್ದರೆ ಸೈಕಲ್ ಆಗುತ್ತಿದ್ದಳು. "ಇದ್ದರೆ" ಅನ್ನುವ ಸಿ ಜೊತೆ ತುಬಿಯೇರ, ಆ ಕಡೆ ಸೆರೀಯ. ಈ ಒಂದು ವಾಕ್ಯ ನೆನಪಿದ್ದರೆ ಸಾಕು.

ಮ್ಯಾಡ್ರಿಡ್‌ನ ಮಂಡ್ಯ
ಬಾಸ್ಕ್ ಪ್ರದೇಶ, ನವಾರ್ರ, ಬುರ್ಗೋಸ್ ಕಡೆಯವರು "ಸಿ ತುಬಿಯೇರ" ಬದಲು "ಸಿ ತೆಂದ್ರೀಯ" ಅನ್ನುತ್ತಾರೆ. ಹುಟ್ಟಿದಾಗಿಂದ ಸ್ಪ್ಯಾನಿಷ್ ಮಾತಾಡುವವರೇ! ನನ್ನ ಆಫೀಸಿನಲ್ಲಿ ಒಬ್ಬರಿದ್ದಾರೆ, ಉಳಿದವರೆಲ್ಲ ರೇಗಿಸುತ್ತಾರೆ. ಅವರ ಎದುರು ನಾನು ತುಬಿಯೇರ ಅಂದಾಗ ಎದೆ ಸ್ವಲ್ಪ ಉಬ್ಬುತ್ತದೆ.

ಸಂಜೆಮಳೆ
ಮೈಸೂರಿನಲ್ಲಿ ಸಂಜೆ ಹೊತ್ತು ಸ್ಪ್ಯಾನಿಷ್ ಕಲಿಸುವವರು ಯಾರಾದರೂ ಇದ್ದಾರಾ? ತಂಗಿಗೆ ಬೇಕು. (ಯಾರಾದರೂ! ಅಂದರೆ ಸಬ್‌ಜಂಕ್ಟಿವ್, ಸುಪಿಯೇರದ ವರ್ತಮಾನ ರೂಪ ಸೆಪ!)

ಕುಡ್ಲದ ಮೀನು
ತುಂಗಾತೀರ ಅವರೇ, ಆ ಅಕ್ಕಿ ರೊಟ್ಟಿಗೆ ಹಿಟ್ಟು ಬಿಸಿನೀರಲ್ಲಿ ಕಲಸಿದ್ದೋ ಅನ್ನ ಹಾಕಿ ನಾದಿದ್ದೋ? ಆರು ತಿಂದರು ಅಂದಾಗಿಂದ ಕೇಳಬೇಕು ಅಂತಿದ್ದೆ.

ತುಂಗಾತೀರ
ಅನ್ನ ಹಾಕಿ ನಾದಿದ್ದು. ಕೆಂಡದ ಮೇಲೆ ಉಬ್ಬಿಸೋಕೆ ಇಲ್ಲಿ ಒಲೆ ಇಲ್ಲ, ಗ್ಯಾಸ್ ಮೇಲೇ ಜಾಲರಿ ಇಟ್ಟೆ.

ಸರಿ, ಎಲ್ಲಾ ಓದಿಕೊಂಡು ಪ್ಯಾರಾ ಮತ್ತೆ ಬರೆದಿದ್ದೇನೆ. ನೋಡಿ ಹೇಳಿ.

"ಮೆ ಅಲೆಗ್ರೇ ದೆ ಕೆ ಬಿನಿಯೇರ ಮಿ ಎರ್ಮಾನ." ಅಕ್ಕ ಬಂದದ್ದು ಖುಷಿಯಾಯಿತು.
"ಮೆ ಎನ್ಕಾಂತೋ ಕೆ ಕೊಮಿಯೇರ ಸೇಯಿಸ್ ರೊಟ್ಟಿಸ್." ಆರು ರೊಟ್ಟಿ ತಿಂದದ್ದು ಬಹಳ ಇಷ್ಟವಾಯಿತು.
"ಲೆ ಪಿದೀ ಕೆ ಸೆ ಕೆದಾರ ದೋಸ್ ದೀಯಸ್ ಮಾಸ್." ಇನ್ನೆರಡು ದಿನ ಇರು ಅಂತ ಕೇಳಿಕೊಂಡೆ.
"ಪೇರೊ ದೀಹೊ ಕೆ ತೆನೀಯ ಕೆ ಇರ್ಸೆ." ಹೋಗಲೇಬೇಕು ಅಂದಳು. ಇದು ಸುದ್ದಿ, ಅದಕ್ಕೆ ಇಂಡಿಕೇಟಿವ್. ಸರಿ ತಾನೇ ಮೇಡಂ?
"ಸೆ ಫ್ವೇ ಆಂತೆಸ್ ದೆ ಕೆ ಮೆ ದೆಸ್ಪೆರ್ತೇ." ನಾನು ಏಳುವ ಮೊದಲೇ ಹೊರಟು ಹೋದಳು. ಬೆಳಗಿನ ಬಸ್ಸು.

ಚಾಕ್‌ಪೀಸ್
ಮೊದಲ ನಾಲ್ಕು ಸರಿ. ರೊಟ್ಟಿಗೆ ಅವರ ಬಹುವಚನ ಹಚ್ಚಿದ್ದಕ್ಕೆ ಅರ್ಧ ಅಂಕ ಕಡಿಮೆ.

ಗಾಂಧಿಬಜಾರ್ ಬೈಟೂ
ಐದನೆಯದು ದೆಸ್ಪೆರ್ತಾರ! "ಎದ್ದ ಮೊದಲೇ" ಅಂತ ಬರೆದಿದ್ದೀರಿ. ಏಳುವ ಮೊದಲೇ.

ತುಂಗಾತೀರ
ಅಯ್ಯೋ. ಕನ್ನಡದಲ್ಲಿ ಸರಿಯಾಗಿ ಬರೆದು ಸ್ಪ್ಯಾನಿಷ್‌ನಲ್ಲಿ ಎಡವಿದೆ.

ನೈಟ್‌ಶಿಫ್ಟ್
ಹೇಳದೆ ಹೋದಳು ಅಂತ ಬರೆಯೋದಿದ್ದರೆ "ಸಿನ್ ಕೆ ಯೋ ಮೆ ದಿಯೇರ ಕ್ವೇಂತ" ಸೇರಿಸಿ. ನನಗೆ ಗೊತ್ತಾಗದ ಹಾಗೆ. ಸಿನ್ ಕೆ ಬಂದರೆ ಕಣ್ಣು ಮುಚ್ಚಿ ಸಬ್‌ಜಂಕ್ಟಿವ್.

ತುಂಗಾತೀರ
ಹೇಳಿಯೇ ಹೋದಳು, ನಾನೇ ಎದ್ದಿರಲಿಲ್ಲ. ಉಳಿದ ರೊಟ್ಟಿ ಡಬ್ಬಿಗೆ ಹಾಕಿಟ್ಟಿದ್ದಳು.

ಕುಡ್ಲದ ಮೀನು
ರೊಟ್ಟಿ ಉಳಿದಿತ್ತಾ? "ಸಿ ಲೊ ಉಬಿಯೇರ ಸಬೀದೊ, ಉಬಿಯೇರ ಇದೊ." ಗೊತ್ತಿದ್ದಿದ್ದರೆ ನಾನೂ ಬರುತ್ತಿದ್ದೆ.

ವ್ಯಾಕರಣ ವಿರೋಧಿ
ಎರಡೂ ಕಡೆ ಉಬಿಯೇರ ಹಾಕಿದ್ದೀರಿ. ಎರಡನೆಯದು ಅಬ್ರೀಯ ಆಗಬೇಕಲ್ವಾ?

ಚಾಕ್‌ಪೀಸ್
ಎರಡೂ ನಡೆಯುತ್ತದೆ. ಅವರನ್ನು ಬಿಡಿ, ಹಸಿದಿದ್ದಾರೆ.